ಸಾಲಿಗ್ರಾಮದ ನದಿಗೆ ಬೆಟ್ಟದ ಹಿಂಬದಿಯಿಂದ: ಕಾಸರಗೋಡಿನವರಿಗೆ ಮನಾಂಗ್–ಮುಕ್ತಿನಾಥ ಚಾರಣದ ಕೈಪಿಡಿ

ಕುಂಬಳೆ, ಬದಿಯಡ್ಕ, ಮಂಜೇಶ್ವರದ ಮನೆಗಳಲ್ಲಿ ಗಂಡಕಿ ನದಿಯ ಹೆಸರು ಹೊಸತಲ್ಲ. ದೇವರ ಕೋಣೆಯ ಸಾಲಿಗ್ರಾಮ ಬಂದದ್ದು ಅಲ್ಲಿಂದ. ನೇಪಾಳದಲ್ಲಿ ಆ ಕಾಳಿ ಗಂಡಕಿಯ ಮೇಲ್ಗಡೆ ಇರುವ ಮುಕ್ತಿನಾಥದ ಗುಡಿಗೆ ಪೊಖರಾದಿಂದ ಜೀಪಿನಲ್ಲಿ ಹೋಗಿ ಬರುವವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಅದೇ ಮುಕ್ತಿನಾಥಕ್ಕೆ ಬೆಟ್ಟದ ಇನ್ನೊಂದು ಮಗ್ಗುಲಿನಿಂದ, ಮನಾಂಗ್ ಕಣಿವೆಯ ಊರುಗಳನ್ನು ಒಂದೊಂದಾಗಿ ದಾಟಿ, 5,416 ಮೀಟರ್ ಎತ್ತರದ ಥೊರೊಂಗ್ ಲಾ ಘಾಟಿ ಹತ್ತಿಳಿದು, ನಡೆದುಕೊಂಡೇ ಬರುವ ದಾರಿಯ ವಿವರ ಇಲ್ಲಿದೆ. ನೇಪಾಳದ ಒಳಗೆ 12 ದಿನ, ಅದರ ಮೇಲೆ ಕೈಯಲ್ಲಿ 2 ದಿನ ಬೇಕು. ಹೋಗಿ ಬರುವ ಪ್ರಯಾಣ ಬೇರೆ.

ನಮ್ಮವರು ಕೇಳುವ ಮೊದಲ ಪ್ರಶ್ನೆ "ದಿನಕ್ಕೆ ಎಷ್ಟು ಕಿಲೋಮೀಟರ್?" ಎಂದು. ಈ ದಾರಿಯಲ್ಲಿ ಕಿಲೋಮೀಟರಿಗೆ ಅಷ್ಟು ಬೆಲೆ ಇಲ್ಲ. ರಾತ್ರಿ ಮಲಗುವ ಜಾಗ ಎಷ್ಟು ಎತ್ತರದಲ್ಲಿದೆ, ನಿನ್ನೆಗಿಂತ ಎಷ್ಟು ಮೇಲಿದೆ ಎಂಬುದೇ ಲೆಕ್ಕ. ಮೇಲೆ ಹೋದಂತೆ ಉಸಿರಿಗೆ ಸಿಗುವ ಆಮ್ಲಜನಕ ಕಡಿಮೆ, ಮೈ ಒಗ್ಗುವ ಮೊದಲೇ ಏರಿದರೆ ಎತ್ತರದ ಕಾಯಿಲೆ ಹಿಡಿಯುತ್ತದೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ ಸುಮಾರು 500 ಮೀಟರಿಗಿಂತ ಹೆಚ್ಚು ಏರಿಸಬಾರದು. ಮೂರ್ನಾಲ್ಕು ದಿನಕ್ಕೊಮ್ಮೆ ಒಂದೇ ಊರಿನಲ್ಲಿ ಎರಡು ರಾತ್ರಿ ಕಳೆಯಬೇಕು. ಹಗಲಲ್ಲಿ ಸ್ವಲ್ಪ ಮೇಲೆ ಹೋಗಿ ಇಳಿದು ಬಂದರೆ ತೊಂದರೆ ಇಲ್ಲ, ಅದು ಒಳ್ಳೆಯದೇ. ಕೆಳಗೆ ಬರೆದ ದಿನಗಳ ಹಂಚಿಕೆ, ಗೈಡಿನೊಂದಿಗಿನ ಕರಾರು, ರೈಲಿನ ಟಿಕೆಟು ಎಲ್ಲವೂ ಈ ಲೆಕ್ಕಕ್ಕೆ ಹೊಂದಿಕೊಂಡಿವೆ.

ಯಾವಾಗ ಹೋಗುವುದು

ಅಕ್ಟೋಬರ್ ನಡುವಿನಿಂದ ನವೆಂಬರ್ ನಡುವಿನ ತನಕ, ಅಂದರೆ ಸುಮಾರಾಗಿ ನಮ್ಮ ತುಲಾ ತಿಂಗಳು. ಮಾರ್ಚ್ ಕೊನೆಯಿಂದ ಏಪ್ರಿಲ್ ಕೊನೆಯವರೆಗೆ ಇನ್ನೊಂದು ಅವಕಾಶ. ಅಡಿಕೆ ತೋಟ ಇರುವವರಿಗೆ ಮೊದಲನೆಯದು ಅನುಕೂಲ: ಮೈಲುತುತ್ತು ಬಿಡುವ ಕೆಲಸ ಮುಗಿದಿರುತ್ತದೆ, ಕೊಯ್ಲಿನ ಗಡಿಬಿಡಿ ಇನ್ನೂ ಶುರುವಾಗಿರುವುದಿಲ್ಲ. ಆದರೆ ನವರಾತ್ರಿಯ ದಿನಗಳಲ್ಲೇ ನೇಪಾಳದ ದಶೈಂ ಹಬ್ಬ. ಊರಿಗೆ ಊರೇ ಬಸ್ಸಿನಲ್ಲಿರುತ್ತದೆ, ಕಚೇರಿಗಳು ಮುಚ್ಚಿರುತ್ತವೆ, ಕೂಲಿಗೆ ಜನ ಸಿಗುವುದಿಲ್ಲ. ವಿಜಯದಶಮಿ ಕಳೆದು ಮೂರ್ನಾಲ್ಕು ದಿನ ಬಿಟ್ಟು ಅಲ್ಲಿಗೆ ಮುಟ್ಟುವಂತೆ ಹೊರಡಿ.

ಅಕ್ಟೋಬರಿನಲ್ಲಿ ಹೋಗುವವರು ಬಂಗಾಳ ಕೊಲ್ಲಿಯ ಮೇಲೆ ಒಂದು ಕಣ್ಣಿಡಬೇಕು. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣದಲ್ಲಿ ದಡ ಸೇರಿತು. ಅದರ ಉಳಿಕೆ ಮೋಡವೇ ಎರಡು ದಿನದ ಮೇಲೆ ಥೊರೊಂಗ್ ಲಾ ಮತ್ತು ಅದರ ಸುತ್ತಲಿನ ಬೆಟ್ಟಗಳಲ್ಲಿ ಹಿಮಬಿರುಗಾಳಿಯಾಗಿ ಸುರಿದು 40ಕ್ಕೂ ಹೆಚ್ಚು ಮಂದಿ ಸತ್ತರು. ಚಾರಣಿಗರ ಜೊತೆ ಗೈಡುಗಳೂ ಸ್ಥಳೀಯರೂ ಇದ್ದರು. ಕೊಲ್ಲಿಯಲ್ಲಿ ಚಂಡಮಾರುತದ ಎಚ್ಚರಿಕೆ ಇದ್ದರೆ ಘಾಟಿಯ ಈಚೆಗೆ, 3,540 ಮೀಟರಿನಲ್ಲಿರುವ ಮನಾಂಗ್ ಊರಿನಲ್ಲೇ ಕೂತು ಕಾಯಿರಿ. ಅಲ್ಲಿ ಆಕಾಶ ನೀಲಿಯಾಗಿ ಕಂಡಿತೆಂದು ಹೊರಡಬೇಡಿ. ಕೈಯಲ್ಲಿ 2 ದಿನ ಹೆಚ್ಚಿಗೆ ಇರಬೇಕು ಎಂದದ್ದು ಇದಕ್ಕೇ.

ಕಾಗದಪತ್ರ, ಗೈಡು, ಕರಾರು

ಭಾರತೀಯರಿಗೆ ವೀಸಾ ಬೇಡ. ವಿಮಾನದಲ್ಲಿ ಹೋಗುವುದಾದರೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಇರಲೇಬೇಕು. ಆಧಾರ್ ನಡೆಯುವುದು 15 ವರ್ಷಕ್ಕಿಂತ ಕೆಳಗಿನವರಿಗೆ ಮತ್ತು 65 ದಾಟಿದವರಿಗೆ ಮಾತ್ರ. ನಮ್ಮ ಜಿಲ್ಲೆಯವರಿಗೆ ಇಲ್ಲಿ ಒಂದು ತೊಡಕು ಹೆಚ್ಚಿಗೆ ಇದೆ. ಗುರುತಿನ ಚೀಟಿಯಲ್ಲಿ ಹೆಸರು ಮಲಯಾಳಕ್ಕೆ ಹೋಗಿ ಇಂಗ್ಲಿಷಿಗೆ ಬರುವಷ್ಟರಲ್ಲಿ "ಭಟ್" ಇದ್ದದ್ದು "ಭಟ್ಟ" ಆಗಿರುತ್ತದೆ, ಇನಿಷಿಯಲ್ ಹಿಂದಿನದ್ದು ಮುಂದೆ ಬಂದಿರುತ್ತದೆ. ಯಾವ ಚೀಟಿ ತೋರಿಸುತ್ತೀರೋ ಅದರಲ್ಲಿದ್ದ ಹಾಗೆಯೇ, ಅಕ್ಷರಕ್ಕೆ ಅಕ್ಷರ, ಟಿಕೆಟ್ ಮಾಡಿಸಿ. ವಿಮೆಯಲ್ಲೂ ಅದೇ ಹೆಸರು ಇರಲಿ.

ಅನ್ನಪೂರ್ಣ ಸಂರಕ್ಷಣಾ ಪ್ರದೇಶದ ಪ್ರವೇಶ ಪತ್ರವನ್ನು ಕಾಠ್ಮಂಡು ಅಥವಾ ಪೊಖರಾದಲ್ಲಿ ಮಾಡಿಸಬೇಕು. ಭಾರತವೂ ಸೇರಿದ ಸಾರ್ಕ್ ದೇಶದವರಿಗೆ ನೇಪಾಳಿ 1,000 ರೂಪಾಯಿ, ಉಳಿದ ವಿದೇಶಿಯರಿಗೆ 3,000. ಪಾಸ್‌ಪೋರ್ಟ್ ಅಳತೆಯ ಫೋಟೋ ಅರ್ಧ ಡಜನ್ ಇಟ್ಟುಕೊಳ್ಳಿ. ಇದರೊಂದಿಗೆ ಚಾರಣಿಗರ ನೋಂದಣಿ ಚೀಟಿಯೂ ಬೇಕು, ಅದನ್ನು ಏಜೆನ್ಸಿಯವರೇ ಮಾಡಿಸುತ್ತಾರೆ. 2023ರ ಏಪ್ರಿಲ್ 1ರಿಂದ ಇಂಥ ದಾರಿಗಳಿಗೆ ಪರವಾನಗಿ ಇರುವ ಗೈಡು ಕಡ್ಡಾಯ. ಕಡ್ಡಾಯ ಇಲ್ಲದಿದ್ದರೂ ಕರಕೊಂಡು ಹೋಗಬೇಕಾದದ್ದೇ: ಮೇಲಿನ ಊರುಗಳಲ್ಲಿ ಹಾಸಿಗೆ ಹಿಡಿಯುವುದು, ದಾರಿ ಕುಸಿದಲ್ಲಿ ಬಳಸುದಾರಿ ತಿಳಿಯುವುದು, ರಾತ್ರಿ 2 ಗಂಟೆಗೆ ಒಬ್ಬರನ್ನು ಕೆಳಗಿಳಿಸುವುದು ನಮ್ಮಿಂದಾಗುವ ಕೆಲಸವಲ್ಲ. ನಾಲ್ಕರಿಂದ ಆರು ಜನದ ತಂಡಕ್ಕೆ ಒಬ್ಬ ಗೈಡು, ಇಬ್ಬರು ಚಾರಣಿಗರಿಗೆ ಒಬ್ಬ ಪೋರ್ಟರ್ ಎಂದು ಲೆಕ್ಕ ಹಾಕಿ. ನಿಮ್ಮ ತಂಡದಲ್ಲಿ ಹಿಂದಿ ಬಾರದ ಹಿರಿಯರಿದ್ದರೆ ಅದನ್ನು ಮೊದಲೇ ತಿಳಿಸಿ. ಹೆಚ್ಚಿನ ಗೈಡುಗಳಿಗೆ ಹಿಂದಿ ಬರುತ್ತದೆ, ಆದರೆ "ತಲೆ ಒಂದು ನಮೂನೆ ಆಗುತ್ತಿದೆ" ಎಂಬುದು ಭಾಷೆ ದಾಟುವಾಗ ಕಳೆದುಹೋಗಬಾರದು.

ಏಜೆನ್ಸಿಯೊಂದಿಗೆ ಮಾತಾಡುವಾಗ ಬರಹದಲ್ಲಿ ಪಡೆಯಬೇಕಾದ ಸಂಗತಿ ನಾಲ್ಕು. ಪ್ರತಿ ರಾತ್ರಿಯ ಊರು ಮತ್ತು ಅದರ ಎತ್ತರ. ಎರಡು ಹೆಚ್ಚುವರಿ ದಿನಕ್ಕೆ ಗೈಡು–ಪೋರ್ಟರ್ ಕೂಲಿ ಎಷ್ಟು ಎಂಬುದು. ಅವರಿಬ್ಬರಿಗೂ ವಿಮೆ ಇದೆ ಎಂಬ ದಾಖಲೆ. ಇನ್ನು ನಾಲ್ಕನೆಯದು, ಯಾರನ್ನಾದರೂ ಹಿಂದೆ ಕಳಿಸುವ ತೀರ್ಮಾನ ಗೈಡಿನದ್ದು, ಅದರ ಮೇಲೆ ತಂಡದ ಚರ್ಚೆ ಇಲ್ಲ ಎಂಬ ಒಪ್ಪಂದ. "ಮನಾಂಗ್‌ಗೆ ನೇರ ಜೀಪಿನಲ್ಲಿ ಮುಟ್ಟಿಸುತ್ತೇವೆ, ಮೂರು ದಿನ ಉಳಿಯುತ್ತದೆ" ಎಂದು ಹೇಳುವ ಏಜೆನ್ಸಿಯ ಬಳಿ ಇನ್ನೊಂದು ಪ್ರಶ್ನೆ ಕೇಳುವ ಅಗತ್ಯವಿಲ್ಲ, ಎದ್ದು ಬನ್ನಿ.

ಖರ್ಚು ಹೀಗೆ: ಭಾರತದ 1 ರೂಪಾಯಿಗೆ ನೇಪಾಳದ 1.60, ಈ ದರ ಬದಲಾಗುವುದಿಲ್ಲ. ಮೇಲಿನ ಊರುಗಳಲ್ಲಿ ಊಟ, ಚಹಾ, ಹಾಸಿಗೆ ಸೇರಿ ಒಬ್ಬರಿಗೆ ದಿನಕ್ಕೆ ನೇಪಾಳಿ 3,500ರಿಂದ 5,000 ಇಟ್ಟುಕೊಳ್ಳಿ. ಹಣವನ್ನೆಲ್ಲ ದಾರಿಯ ಬುಡದ ಊರಾದ ಬೆಸಿಶಹರ್ ಬಿಡುವ ಮೊದಲೇ ನೇಪಾಳಿ ನೋಟಾಗಿ ಕೈಯಲ್ಲಿಟ್ಟುಕೊಳ್ಳಿ, ಮೇಲೆ ಎಟಿಎಮ್ ಇದ್ದರೂ ಕರೆಂಟು ಇರುವ ದಿನವೇ ಹಣ. ಕೋಣೆಯ ಬಾಡಿಗೆ ಕಡಿಮೆ ಇರುತ್ತದೆ, ಆದರೆ ಮಲಗಿದ ಮನೆಯಲ್ಲೇ ಉಣ್ಣಬೇಕು. ಹೊರಗೆ ತಿಂದು ಬಂದರೆ ಬಾಡಿಗೆ ಏರುತ್ತದೆ, ಮನೆಯವರ ಮುಖವೂ ಬಿಗಿಯುತ್ತದೆ. ಅವರ ಜೀವನ ಅಡುಗೆಯಿಂದ ನಡೆಯುವುದು, ಕೋಣೆಯಿಂದಲ್ಲ.

ವಿಮೆಯಲ್ಲಿ "6,000 ಮೀಟರ್ ತನಕದ ಚಾರಣ" ಮತ್ತು "ಹೆಲಿಕಾಪ್ಟರ್" ಎರಡೂ ಪದ ಇವೆಯೇ ನೋಡಿ. ಸಾಮಾನ್ಯ ಪ್ರವಾಸ ವಿಮೆಯಲ್ಲಿ ಇರುವುದಿಲ್ಲ. ಅನಗತ್ಯವಾಗಿ ಹೆಲಿಕಾಪ್ಟರ್ ಕರೆಸಿ ವಿಮೆಯ ದುಡ್ಡು ಹೊಡೆಯುವ ದಂಧೆಯ ಬಗ್ಗೆ 2018ರಲ್ಲಿ ನೇಪಾಳ ಸರ್ಕಾರವೇ ತನಿಖೆ ನಡೆಸಿತ್ತು. ಆದ್ದರಿಂದ ವಿಮೆ ಕಂಪೆನಿಯ ತುರ್ತು ಸಂಖ್ಯೆ ಗೈಡಿನ ಬಳಿ ಮಾತ್ರವಲ್ಲ, ನಿಮ್ಮ ತಂಡದ ಇಬ್ಬರ ಬಳಿಯಾದರೂ ಇರಲಿ.

ಕಡಲ ಮಟ್ಟದ ಕಾಲುಗಳು

ತೆಂಗು, ಅಡಿಕೆ ಮರ ಹತ್ತುವವನ ಉಸಿರು ಗಟ್ಟಿ, ಕಾಲು ಗಟ್ಟಿ. ಆದರೆ ಎತ್ತರದ ಕಾಯಿಲೆ ಗಟ್ಟಿಗನನ್ನು ಬಿಟ್ಟು ಪೀಚಲನನ್ನು ಹಿಡಿಯುತ್ತದೆಂಬ ನಿಯಮ ಇಲ್ಲ. ಗಟ್ಟಿಗ ಬೇಗ ನಡೆಯುತ್ತಾನೆ, ಬೇಗ ಮೇಲೆ ಮುಟ್ಟುತ್ತಾನೆ, ಅದಕ್ಕೇ ಬೇಗ ಸಿಕ್ಕಿಬೀಳುತ್ತಾನೆ. ಹಾಗಾದರೆ ತಾಲೀಮು ಯಾಕೆ? ಮೊಣಕಾಲಿಗಾಗಿ. ಥೊರೊಂಗ್ ಲಾದಿಂದ ಮುಕ್ತಿನಾಥಕ್ಕೆ ಒಂದೇ ದಿನದ ಇಳಿತ ಸುಮಾರು 1,600 ಮೀಟರ್. ಕುಮಾರ ಪರ್ವತದ ತುದಿಯಿಂದ ಕುಕ್ಕೆ ಸುಬ್ರಹ್ಮಣ್ಯಕ್ಕೆ ಇಳಿದರೆ ಹೆಚ್ಚು ಕಡಿಮೆ ಅಷ್ಟೇ ಆಗುತ್ತದೆ. ಆ ಇಳಿತ ಇಳಿದ ಮರುದಿನ ಬೆಳಿಗ್ಗೆ ಮನೆಯ ಮೆಟ್ಟಿಲು ಹಿಡಿಯದೆ ಇಳಿಯಲು ಆದರೆ ನಿಮ್ಮ ಕಾಲು ತಯಾರಾಗಿದೆ.

ಏಪ್ರಿಲಿಗೆ ಹೋಗುವವರು ಡಿಸೆಂಬರ್–ಜನವರಿಯಲ್ಲೇ ಕುಮಾರ ಪರ್ವತ ಮುಗಿಸಿಕೊಳ್ಳಿ. ಮಳೆಗಾಲದಲ್ಲೂ ಕಾಡ್ಗಿಚ್ಚಿನ ಬೇಸಗೆಯಲ್ಲೂ ಅರಣ್ಯ ಇಲಾಖೆ ದಾರಿ ಮುಚ್ಚುವುದುಂಟು, ಪರವಾನಗಿಯೂ ಮೊದಲೇ ಬೇಕು. ಅಕ್ಟೋಬರಿಗೆ ಹೋಗುವವರ ತಾಲೀಮು ಆಟಿ–ಸೋಣದ ಮಳೆಯಲ್ಲಿ ಬೀಳುತ್ತದೆ. ರಾಣಿಪುರದ ಹುಲ್ಲುಗಾವಲು ಆಗ ಜಾರುತ್ತದೆ, ಉಂಬುಳುಗಳ ರಾಜ್ಯ ಅದು. ಪೊಸಡಿ ಗುಂಪೆ ಹತ್ತಿರವೆಂದು ದಿನಾ ಹತ್ತಬಹುದು, ಆದರೆ ಎತ್ತರ ಸುಮಾರು 1,000 ಅಡಿಯಷ್ಟೇ, ಮೂರು ಸಲ ಹತ್ತಿ ಇಳಿದರೆ ಒಂದು ದಿನದ ಕೆಲಸವಾದೀತು. ಮಳೆ ಬಿಡದ ದಿನಕ್ಕೆ ಮನೆಯ ಅಥವಾ ದೇವಸ್ಥಾನದ ಮೆಟ್ಟಿಲೇ ಸಾಕು. ಪಾಚಿ ಹಿಡಿದ ಮುರಕಲ್ಲಿನ ಮೆಟ್ಟಿಲು ಮಾತ್ರ ಬೇಡ.

ಹತ್ತು ವಾರ ಬೇಕು. ಮೊದಲ ನಾಲ್ಕು ವಾರ ಬರಿಗೈಯಲ್ಲಿ, ವಾರಕ್ಕೆ ನಾಲ್ಕು ದಿನ, ದಿನಕ್ಕೆ ಒಂದು ಗಂಟೆ ಏರು ನಡಿಗೆ. ಮುಂದಿನ ನಾಲ್ಕು ವಾರ ಬೆನ್ನಚೀಲದಲ್ಲಿ 6 ಕಿಲೋ ಅಕ್ಕಿ ಹಾಕಿಕೊಂಡು ಅದೇ ನಡಿಗೆ, ಭಾನುವಾರ 5 ಗಂಟೆ. ಒಂಬತ್ತನೇ ವಾರ ಶನಿವಾರ–ಭಾನುವಾರ ಎರಡೂ ದಿನ ತಲಾ 6 ಗಂಟೆ. ಕೊನೆಯ ವಾರ ಸುಮ್ಮನೆ ಅಡ್ಡಾಡಿ. ಈ ಎಲ್ಲವನ್ನೂ ಅಲ್ಲಿ ಹಾಕುವ ಬೂಟಿನಲ್ಲೇ, ಅದೇ ಕಾಲುಚೀಲದಲ್ಲೇ ಮಾಡಿ. ಬೂಟು ಅರ್ಧ ಅಳತೆ ದೊಡ್ಡದಿರಬೇಕು. ಇಳಿಯುವಾಗ ಹೆಬ್ಬೆರಳು ತುದಿಗೆ ತಾಗಿದರೆ ಮುಕ್ತಿನಾಥ ಮುಟ್ಟುವಾಗ ಉಗುರು ಕಪ್ಪಾಗಿರುತ್ತದೆ.

ಚೀಲದೊಳಗೆ

ಸೆಕೆಯ ಊರಿನವರಾದ ನಾವು ಚಳಿಗೆ ಮಾಡುವ ತಪ್ಪು ಒಂದೇ: ದಪ್ಪ ಬಟ್ಟೆ ಒಂದು, ಅದರ ಒಳಗೆ ಹತ್ತಿಯ ಬನಿಯನ್. ಹತ್ತಿ ಬೆವರು ಕುಡಿದು ಒಣಗುವುದಿಲ್ಲ. ನಿಂತ ಐದು ನಿಮಿಷಕ್ಕೆ ಒದ್ದೆ ಬಟ್ಟೆ ಮೈಯ ಕಾವನ್ನೆಲ್ಲ ಎಳೆದುಕೊಳ್ಳುತ್ತದೆ. ಮೈಗೆ ಅಂಟುವ ಪದರ ಉಣ್ಣೆಯದ್ದೋ ಪಾಲಿಯೆಸ್ಟರಿನದ್ದೋ ಇರಲಿ, ಎರಡು ಜೊತೆ. ಅದರ ಮೇಲೆ ಫ್ಲೀಸ್, ಅದರ ಮೇಲೆ ಗರಿ ತುಂಬಿದ ಜಾಕೆಟ್, ಎಲ್ಲದರ ಹೊರಗೆ ಗಾಳಿ–ನೀರು ತಡೆಯುವ ತೆಳು ಅಂಗಿ. ಗರಿ ಜಾಕೆಟ್ಟೂ, −10 ಡಿಗ್ರಿಗೆ ಸಾಕಾಗುವ ಸ್ಲೀಪಿಂಗ್ ಬ್ಯಾಗೂ ಕಾಠ್ಮಂಡುವಿನ ಥಮೆಲ್‌ನಲ್ಲಿ ಅಥವಾ ಪೊಖರಾದ ಲೇಕ್‌ಸೈಡಿನಲ್ಲಿ ದಿನಬಾಡಿಗೆಗೆ ಸಿಗುತ್ತವೆ. ಊರಿಗೆ ಬಂದ ಮೇಲೆ ಕಾಸರಗೋಡಿನಲ್ಲಿ ಅವನ್ನು ಎಲ್ಲಿ ಹಾಕುವುದು? ಕೊಳ್ಳಬೇಡಿ. ಬೂಟು ಮಾತ್ರ ಬಾಡಿಗೆಗೆ ಬೇಡ.

ಎರಡು ಪದರ ಕೈಗವಸು, ಕಿವಿ ಮುಚ್ಚುವ ಟೊಪ್ಪಿ, ತಲೆಗೆ ಕಟ್ಟುವ ದೀಪ, ಒಂದು ಜೊತೆ ಊರುಗೋಲು. ಅಕ್ಟೋಬರ್ ಕೊನೆಯ ಮೇಲೆ ಹೋಗುವುದಾದರೆ ಬೂಟಿಗೆ ಸಿಕ್ಕಿಸುವ ಹಲ್ಲಿನ ಸರಪಳಿಯನ್ನೂ ಥಮೆಲ್‌ನಲ್ಲೇ ಕೊಳ್ಳಿ. ಯುವಿ 400 ಎಂದಿರುವ ಕಪ್ಪು ಕನ್ನಡಕ ಇಲ್ಲದೆ ಹಿಮದ ಮೇಲೆ ಅರ್ಧ ದಿನ ನಡೆದರೆ ರಾತ್ರಿ ಕಣ್ಣಿಗೆ ಮರಳು ಹೊಯ್ದ ಹಾಗೆ ಉರಿಯುತ್ತದೆ. ಛತ್ರಿ ನಮಗೆ ಅಂಗ ಇದ್ದ ಹಾಗೆ, ಸರಿ, ನಡಿಗೆಯ ಮೊದಲ ದಿನ ಮುಟ್ಟುವ ಚಾಮೆ ತನಕ ಉಪಯೋಗ ಬರುತ್ತದೆ. ಮನಾಂಗ್ ದಾಟಿದ ಮೇಲಿನ ಗಾಳಿಗೆ ಅದು ಮೊದಲ ದಿನವೇ ಮಗುಚಿಕೊಳ್ಳುತ್ತದೆ.

ಪೋರ್ಟರಿಗೆ ಕೊಡುವ ಚೀಲ ಒಬ್ಬರಿಗೆ 10 ಕಿಲೋ ಮೀರದಿರಲಿ. ಇಬ್ಬರದ್ದು 20, ಅವನ ಸ್ವಂತದ್ದು ಐದು ಸೇರಿದರೆ ಅಲ್ಲಿಗೆ ಆಯಿತು. ನಿಮ್ಮ ಬೆನ್ನಿನಲ್ಲಿ ನೀರು, ಗರಿ ಜಾಕೆಟ್, ಮಳೆ ಅಂಗಿ, ಔಷಧ, ಹಣ: 5ರಿಂದ 6 ಕಿಲೋ. ಪೋರ್ಟರ್ ಮುಂದೆ ಹೋಗಿಬಿಡುತ್ತಾನೆ, ಆದ್ದರಿಂದ ದಾರಿಯಲ್ಲಿ ಬೇಕಾಗುವ ಯಾವುದೂ ಅವನ ಚೀಲದಲ್ಲಿರಬಾರದು. ಅವನ ಕಾಲಿಗೆ ಬೂಟು, ಕೈಗೆ ಗವಸು ಇದೆಯೇ ಎಂದು ಬೆಸಿಶಹರಿನಲ್ಲೇ ನೋಡಿ. ಇಲ್ಲದಿದ್ದರೆ ಅಲ್ಲೇ ಕೊಡಿಸಿ.

ಮನೆಯಿಂದ ತಿಂಡಿ ಕಟ್ಟುವವರಿಗೆ: ಮಾಂಬಳ ಎಲ್ಲಕ್ಕಿಂತ ಮೇಲು, ಹಗುರ, ಹಾಳಾಗುವುದಿಲ್ಲ, ಬಾಯಿ ಕಹಿಯಾದಾಗ ಹುಳಿ ಹಿಡಿಸುತ್ತದೆ. ಹುರಿದ ಗೋಡಂಬಿ, ಬೆಲ್ಲ, ನೆಲಕಡಲೆ ಚಿಕ್ಕಿ, 200 ಗ್ರಾಂ ಚಟ್ನಿಪುಡಿ. ಬಾಳೆಕಾಯಿ ಉಪ್ಪೇರಿ ಕೊಂಡುಹೋದರೆ ಪೊಟ್ಟಣಕ್ಕೆ ಸೂಜಿಯಲ್ಲಿ ಒಂದು ತೂತು ಮಾಡಿ. ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿದು ಬಿಗಿ ಪೊಟ್ಟಣ ಚೆಂಡಿನ ಹಾಗೆ ಉಬ್ಬಿ ಒಡೆಯುತ್ತದೆ. ಇದೇ ಕಾರಣಕ್ಕೆ ಮಿಡಿ ಉಪ್ಪಿನಕಾಯಿ ಭರಣಿಯ ಮುಚ್ಚಳದಿಂದ ಎಣ್ಣೆ ಹೊರಬಂದು ಗರಿ ಜಾಕೆಟ್ಟಿಗೆ ಇಳಿಯುತ್ತದೆ. ಕುಚ್ಚಲಕ್ಕಿ ಬೇಡವೇ ಬೇಡ. ಮನಾಂಗ್‌ನಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ, ಗಂಟೆಗಟ್ಟಲೆ ಉರಿ ಹಾಕಿದರೂ ಅದು ಗಂಜಿಯಾಗುವುದಿಲ್ಲ. ಎಲೆ ಅಡಿಕೆಯವರಿಗೆ ಹೇಳಿ ಪ್ರಯೋಜನವಿಲ್ಲ, ಎಲೆ ಮೂರನೇ ದಿನಕ್ಕೆ ಕಪ್ಪಾದಾಗ ಅವರಿಗೇ ಗೊತ್ತಾಗುತ್ತದೆ.

ದಿನ ದಿನದ ದಾರಿ

ಊರಿನಿಂದ ಮಂಗಳೂರು ಅಥವಾ ಕಣ್ಣೂರಿಗೆ ಹೋಗಿ ವಿಮಾನದಲ್ಲಿ ಬೆಂಗಳೂರೋ ದೆಹಲಿಯೋ ಬದಲಿಸಿ ಕಾಠ್ಮಂಡು ಸೇರುವುದು ಸುಲಭ. ರೈಲೇ ಬೇಕೆಂದರೆ ಮಂಗಳಾ ಎಕ್ಸ್‌ಪ್ರೆಸ್ಸಿನಲ್ಲಿ ದೆಹಲಿ, ಅಲ್ಲಿಂದ ಗೋರಖಪುರ, ಮತ್ತೆ ಸುನೌಲಿ ಗಡಿ. ಹಿಂದಿರುಗುವ ಟಿಕೆಟ್ಟನ್ನು ಚಾರಣ ಮುಗಿಯುವ ದಿನದಿಂದ ಕನಿಷ್ಠ 3 ದಿನ ಬಿಟ್ಟು ಮಾಡಿ. ಟಿಕೆಟಿನ ತಾರೀಕು ತಲೆಯಲ್ಲಿ ಕೂತಿದ್ದರೆ ತಲೆನೋವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಮೊದಲ ದಿನ ಕಾಠ್ಮಂಡು ಅಥವಾ ಪೊಖರಾದಿಂದ ಬೆಸಿಶಹರ್, 760 ಮೀಟರ್. ಎರಡನೇ ದಿನ ಅಲ್ಲಿಂದ ಜೀಪಿನಲ್ಲಿ ಧಾರಾಪಾನಿ, ಸುಮಾರು 1,900 ಮೀಟರ್. ಬಂಡೆ ಕಡಿದು ಮಾಡಿದ ರಸ್ತೆ, ಒಂದು ಬದಿ ಪ್ರಪಾತ. ಹೊಟ್ಟೆ ತೊಳಸುವವರು ಎದುರು ಸೀಟು ಕೇಳಿಕೊಳ್ಳಿ. ಮೂರನೇ ದಿನದಿಂದ ನಡಿಗೆ: ತಿಮಾಂಗ್ ಮೇಲಿಂದ ಚಾಮೆ, ಸುಮಾರು 2,700. ಈಗ ಮನಾಂಗ್ ತನಕ ಜೀಪು ರಸ್ತೆ ಆದದ್ದರಿಂದ ಹಳೆಯ ಕಾಲುದಾರಿ ಕೆಲವೆಡೆ ರಸ್ತೆಯ ಮೇಲೇ ಇದೆ. ಬಂಡೆ, ಗೋಡೆ, ಮರದ ಮೇಲೆ ಕೆಂಪು–ಬಿಳಿ ಪಟ್ಟಿ ಕಂಡರೆ ಮುಖ್ಯ ಕಾಲುದಾರಿ, ನೀಲಿ–ಬಿಳಿ ಕಂಡರೆ ಬದಿಯ ದಾರಿ. ಗೈಡು ಧೂಳಿನ ರಸ್ತೆಯಲ್ಲೇ ಕರೆದುಕೊಂಡು ಹೋಗುತ್ತಿದ್ದರೆ ಪಟ್ಟಿ ತೋರಿಸಿ ಕೇಳಿ.

ನಾಲ್ಕನೇ ದಿನ ಚಾಮೆಯಿಂದ ಮೇಲಿನ ಪಿಸಾಂಗ್, 3,300. ನಡುವೆ ಎಡಬಲ ತಿರುಗುವಾಗ ಎದುರಿಗೆ ಬರುವ ಬಾಗಿದ ಭಾರೀ ಬಂಡೆಗೋಡೆಯನ್ನು ಸ್ಥಳೀಯರು ಸ್ವರ್ಗದ್ವಾರ ಎನ್ನುತ್ತಾರೆ. ಮಲಗುವ ಎತ್ತರ ಇಂದು 600 ಮೀಟರ್ ಏರಿತು, 3,000ದ ಗೆರೆ ದಾಟಿತು. ಯಾರಿಗಾದರೂ ಆಗಲೇ ತಲೆ ಭಾರವಾಗಿದ್ದರೆ ಮರುದಿನ ಪಿಸಾಂಗ್‌ನಲ್ಲೇ ನಿಲ್ಲಿ.

ಐದನೇ ದಿನಕ್ಕೆ ಎರಡು ದಾರಿ. ಕೆಳಗಿನದ್ದು ಹುಂಡೆ ಮೂಲಕ ಸಪಾಟು, ಬೇಗ ಮನಾಂಗ್ ಮುಟ್ಟುತ್ತದೆ. ಮೇಲಿನದ್ದು ಘ್ಯಾರು ಊರಿಗೆ, 3,730 ಮೀಟರಿಗೆ, ಉಸಿರು ಕಟ್ಟಿಸುವ ತಿರುವುಗಳಲ್ಲಿ ಹತ್ತಿ, ಆಮೇಲೆ ಅಡ್ಡ ನಡೆದು ನವಾಲ್‌ಗೆ, 3,660ಕ್ಕೆ. ಮೇಲಿನದ್ದೇ ಹಿಡಿಯಿರಿ. ಅನ್ನಪೂರ್ಣ ಎರಡು, ಮೂರು, ಗಂಗಾಪೂರ್ಣ ಶಿಖರಗಳು ಎದುರಿಗೇ ನಿಲ್ಲುತ್ತವೆ ಎಂಬುದು ಒಂದು ಕಾರಣ. ದೊಡ್ಡ ಕಾರಣ ಬೇರೆ: ನವಾಲ್‌ನಲ್ಲಿ ಮಲಗಿದವರು ಆರನೇ ದಿನ ಬ್ರಾಗಾ ಮೂಲಕ ಮನಾಂಗ್‌ಗೆ, 3,540ಕ್ಕೆ, ಇಳಿದು ಬರುತ್ತಾರೆ, ಮೈ ಒಗ್ಗಿರುತ್ತದೆ. ಬ್ರಾಗಾದ ಮನೆಗಳು ಒಂದರ ಮಾಡು ಇನ್ನೊಂದರ ಅಂಗಳ ಆಗುವಂತೆ ಗುಡ್ಡಕ್ಕೆ ಆತುಕೊಂಡಿವೆ, ಹಳೆಯ ಗೊಂಪಾ, ಅಂದರೆ ಬೌದ್ಧ ಮಠ, ಅವುಗಳ ನೆತ್ತಿಯಲ್ಲಿ. ಮಳೆ ಕಡಿಮೆ, ಆದ್ದರಿಂದ ಚಪ್ಪಟೆ ಮಣ್ಣಿನ ಮಾಡು. ಅದರ ಮೇಲೆ ಕಟ್ಟಿಗೆ ಪೇರಿಸಿದ್ದಷ್ಟೂ ಮನೆಯವರ ಅಂತಸ್ತು ಎಂದು ನೋಡಿದರೆ ಗೊತ್ತಾಗುತ್ತದೆ.

ಏಳನೇ ದಿನ ಮನಾಂಗ್‌ನಲ್ಲಿ ನಿಲ್ಲಬೇಕು. ನಿಲ್ಲುವುದೆಂದರೆ ಹೊದ್ದು ಮಲಗುವುದಲ್ಲ. ಪ್ರಾಕೆನ್ ಗೊಂಪಾಕ್ಕೆ, 3,900 ದಾಟಿದ ಎತ್ತರಕ್ಕೆ, ಮೆಲ್ಲಗೆ ಹತ್ತಿ ಅಲ್ಲಿ ಅರ್ಧ ಗಂಟೆ ಕೂತು ಇಳಿದು ಬನ್ನಿ. 4,600 ಮೀಟರಿನ ಐಸ್ ಲೇಕ್ ಗಟ್ಟಿಗರಿಗೆ, ಅದೂ ಎರಡು ದಿನ ನಿಲ್ಲುವುದಾದರೆ. ಮಧ್ಯಾಹ್ನದ ಮೇಲೆ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಶನ್ನಿನ ಚಿಕಿತ್ಸಾಲಯಕ್ಕೆ ಹೋಗಿ. ಋತುವಿನಲ್ಲಿ ಅಲ್ಲಿ ವೈದ್ಯರು ಎತ್ತರದ ಕಾಯಿಲೆಯ ಕುರಿತು ದಿನವೂ ಮಾತಾಡುತ್ತಾರೆ. ಇಡೀ ತಂಡ, ಪೋರ್ಟರ್ ಸಮೇತ, ಕೂತು ಕೇಳಲಿ.

ಎಂಟನೇ ದಿನ ಯಾಕ್ ಖರ್ಕಾ, 4,050. ಮೂರ್ನಾಲ್ಕು ಗಂಟೆಯ ನಡಿಗೆ, ಮಧ್ಯಾಹ್ನಕ್ಕೆ ಮುಗಿದುಬಿಡುತ್ತದೆ. ಇಲ್ಲೇ ಗಡಿಬಿಡಿ ಶುರುವಾಗುವುದು: "ಇನ್ನೂ ಬಿಸಿಲಿದೆ, ಮುಂದೆ ಹೋಗೋಣ." ಹೋಗಬಾರದು. ಒಂಬತ್ತನೇ ದಿನ ಥೊರೊಂಗ್ ಫೆದಿ, ಸುಮಾರು 4,450. ನದಿ ದಾಟಿದ ಮೇಲೆ ಕಲ್ಲು ಜಾರುವ ಇಳಿಜಾರು ಒಂದಿದೆ. ಗಾಳಿ ಏಳುವ ಮೊದಲು, ಬೆಳಿಗ್ಗೆಯೇ, ಒಬ್ಬೊಬ್ಬರಾಗಿ, ಮಾತಾಡದೆ, ಫೋಟೋಕ್ಕೆ ನಿಲ್ಲದೆ ದಾಟಿ. ಮೇಲೆ ನೀಲಿ ಕುರಿ ಮೇಯುತ್ತಿದ್ದರೆ ಅವುಗಳ ಕಾಲಿನ ಕಲ್ಲೂ ಬರುತ್ತದೆ. ಫೆದಿಯಿಂದ ಇನ್ನೂ ಮೇಲೆ 4,880ರಲ್ಲಿ ಹೈಕ್ಯಾಂಪ್ ಇದೆ. ಯಾಕ್ ಖರ್ಕಾದಿಂದ ನೇರ ಅಲ್ಲಿಗೆ ಹೋಗಿ ಮಲಗಿದರೆ ಒಂದೇ ದಿನ 830 ಮೀಟರ್ ಏರಿದಂತೆ. "ಮರುದಿನ ನಡಿಗೆ ಕಡಿಮೆ ಆಗುತ್ತದಲ್ಲ" ಎಂದು ಹೋದವರಲ್ಲಿ ಎಷ್ಟೋ ಮಂದಿ ಆ ರಾತ್ರಿಯೇ ದೀಪ ಕಟ್ಟಿಕೊಂಡು ಇಳಿಯುವುದು.

ಹತ್ತನೇ ದಿನ ಘಾಟಿ. ಬೆಳಿಗ್ಗೆ 3ಕ್ಕೆ ಎದ್ದು, ಹಸಿವಿಲ್ಲದಿದ್ದರೂ ಗಂಜಿಯಂತಹ ಏನಾದರೂ ಬಿಸಿ ತಿಂದು, 4 ಗಂಟೆಗೆ ಹೊರಡಿ. ಕಾರಣ ಗಾಳಿ: ಒಂಬತ್ತು, ಹತ್ತು ಗಂಟೆಯ ಮೇಲೆ ಘಾಟಿಯಲ್ಲಿ ನಿಲ್ಲಲು ಬಿಡುವುದಿಲ್ಲ. ಹೈಕ್ಯಾಂಪ್ ತನಕದ ಒಂದೂವರೆ ಗಂಟೆ ಕಡಿದಾದ ಏರು, ಆಮೇಲೆ ಮೂರರಿಂದ ನಾಲ್ಕು ಗಂಟೆ ಸಣ್ಣ ಏರು. ಇದೇ ತುದಿ ಎಂದು ಕಾಣುವ ಗುಡ್ಡೆಗಳು ಒಂದರ ಹಿಂದೆ ಒಂದು ಬರುತ್ತವೆ, ಯಾವುದೂ ತುದಿಯಲ್ಲ. ಪ್ರಾರ್ಥನೆಯ ಬಾವುಟಗಳ ರಾಶಿ ಕಂಡರೆ ಮಾತ್ರ ಮುಟ್ಟಿದಿರಿ. ಅಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಕಾಸರಗೋಡಿನಲ್ಲಿ ಸಿಗುವುದರ ಸುಮಾರು ಅರ್ಧ. ಹೆಜ್ಜೆಗೊಂದು ಉಸಿರು, ಬೇಕಾದರೆ ಎರಡು. ನೀರಿನ ಬಾಟಲಿ ಜಾಕೆಟಿನ ಒಳಗಿರಲಿ. ಕೊಳವೆಯಿಂದ ಹೀರುವ ನೀರಿನ ಚೀಲ ಇಲ್ಲಿ ಮೊದಲ ಅರ್ಧ ಗಂಟೆಯಲ್ಲೇ ಹೆಪ್ಪುಗಟ್ಟುತ್ತದೆ. 11 ಗಂಟೆಗೂ ಘಾಟಿ ಮುಟ್ಟದಿದ್ದರೆ, ಎಲ್ಲಿದ್ದೀರೋ ಅಲ್ಲಿಂದ ತಿರುಗಿ ಫೆದಿಗೆ. ಮುಟ್ಟಿದವರು ಹತ್ತು ಹದಿನೈದು ನಿಮಿಷ ನಿಂತು ಇಳಿಯಿರಿ, ಮುಕ್ತಿನಾಥಕ್ಕೆ ಇನ್ನೂ ನಾಲ್ಕು ಗಂಟೆ ಇದೆ. ಊರುಗೋಲನ್ನು ಒಂದು ಗೇಣು ಉದ್ದ ಮಾಡಿ, ಬೂಟಿನ ದಾರ ಬಿಗಿದು ಕಟ್ಟಿ.

ಲೇಕ್ ಲಾಗ್ಯೋ

ಎತ್ತರದ ಕಾಯಿಲೆಗೆ ಆ ಕಡೆಯ ಮಾತು ಇದು. ಕಲಿಯಬೇಕಾದ ಮೊದಲ ನೇಪಾಳಿ ಮಾತೂ ಇದೇ, ಎರಡನೆಯದು "ಬಿಸ್ತಾರೈ", ಮೆಲ್ಲಗೆ. ಗೈಡನ್ನು "ದಾಇ" ಎಂದು, ಅಂದರೆ ಅಣ್ಣ ಎಂದು ಕರೆದರೆ ಸಾಕು. ಚಹಾಮನೆಯ ಹೆಂಗಸನ್ನು "ದಿದಿ", ನಮ್ಮ ಅಕ್ಕ.

ತಲೆನೋವು ಮತ್ತು ಅದರೊಂದಿಗೆ ವಾಕರಿಕೆ, ಊಟ ಸೇರದಿರುವುದು, ತಲೆಸುತ್ತು, ಮೀರಿದ ಆಯಾಸ ಇವುಗಳಲ್ಲಿ ಒಂದು ಇದ್ದರೂ ಕಾಯಿಲೆ ಶುರುವಾಗಿದೆ ಎಂದೇ ತಿಳಿಯಿರಿ. "ಬಿಸಿಲಿಗೆ ಆದದ್ದು", "ಪಿತ್ತ" ಎಂದು ಬೇರೆ ಹೆಸರು ಹುಡುಕಬೇಡಿ. ಅಂದು ಮೇಲೆ ಹೋಗಬಾರದು. ನಿಂತಲ್ಲೇ ನಿಂತು ಕಡಿಮೆಯಾದರೆ ಮುಂದೆ, ಹೆಚ್ಚಾದರೆ ಕೆಳಗೆ. ಎರಡು ಲಕ್ಷಣಕ್ಕೆ ಬೆಳಗಾಗುವ ತನಕವೂ ಕಾಯುವಂತಿಲ್ಲ. ಒಂದು, ಸುಮ್ಮನೆ ಕೂತಾಗಲೂ ಏದುಸಿರು, ಬಿಡದ ಕೆಮ್ಮು: ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ. ಇನ್ನೊಂದು, ನಡಿಗೆ ತೂರಾಡುವುದು, ಮಾತು ತೊದಲುವುದು: ಮಿದುಳು ಬಾತಿದೆ. ಪರೀಕ್ಷೆ ಸುಲಭ. ನೆಲದ ಮೇಲೆ ಗೆರೆ ಎಳೆದು, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ ಹತ್ತು ಹೆಜ್ಜೆ ನಡೆಸಿ. ಗೆರೆ ತಪ್ಪಿದರೆ ಆ ಗಳಿಗೆಯಲ್ಲೇ, ರಾತ್ರಿಯಾದರೂ, ಜೊತೆಗೊಬ್ಬರೊಂದಿಗೆ ಇಳಿಸಿ. 500 ಮೀಟರ್ ಇಳಿದರೂ ವ್ಯತ್ಯಾಸ ಕಾಣುತ್ತದೆ, ಸಾಧ್ಯವಾದರೆ 1,000.

ಅಸೆಟಜೊಲಮೈಡ್ ಮಾತ್ರೆ, ಅಂಗಡಿಯಲ್ಲಿ ಡಯಾಮಾಕ್ಸ್ ಎಂಬ ಹೆಸರಿನದ್ದು, ತಡೆಗಟ್ಟಲು ಬೆಳಿಗ್ಗೆ ಸಂಜೆ 125 ಮಿಲಿಗ್ರಾಂ. ನಮ್ಮಲ್ಲಿ ಸಿಗುವುದು 250ರದ್ದು, ಅರ್ಧ ಮುರಿಯಬೇಕು. ಚಾಮೆಯಲ್ಲಿ ಶುರು ಮಾಡಿ ಘಾಟಿ ದಾಟಿ ಇಳಿದ ಮೇಲೆ ನಿಲ್ಲಿಸುವುದು. ಬೆರಳ ತುದಿ ಜುಮುಗುಡುತ್ತದೆ, ಮೂತ್ರ ಹೆಚ್ಚು ಹೋಗುತ್ತದೆ, ಅದು ಮಾತ್ರೆಯ ಗುಣ. ಸಲ್ಫಾ ಅಲರ್ಜಿ ಇದ್ದವರಿಗೆ, ಮೂತ್ರಪಿಂಡದ ತೊಂದರೆ ಇದ್ದವರಿಗೆ ಆಗದು. ಬಿ.ಪಿ., ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರು ಹೊರಡುವ ತಿಂಗಳ ಮೊದಲೇ ನಿಮ್ಮ ವೈದ್ಯರಿಗೆ ದಿನದಿನದ ಎತ್ತರದ ಪಟ್ಟಿ ತೋರಿಸಿ ಕೇಳಿ, ಮನೆಯಲ್ಲಿದ್ದಾಗಲೇ ಎರಡು ದಿನ ನುಂಗಿ ನೋಡಿ. ಮಾತ್ರೆ ಮೈ ಒಗ್ಗುವುದನ್ನು ಬೇಗ ಮಾಡುತ್ತದೆ, ಒಂದು ದಿನವನ್ನು ಉಳಿಸಿಕೊಡುವುದಿಲ್ಲ. ನಿದ್ದೆ ಮಾತ್ರೆ, ಹೆಂಡ ಎರಡೂ ಉಸಿರನ್ನು ನಿಧಾನ ಮಾಡುತ್ತವೆ, ಆದ್ದರಿಂದ ಮುಕ್ತಿನಾಥದ ತನಕ ಇಲ್ಲ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಮನಾಂಗ್‌ನಲ್ಲಿ 88 ತೋರಿಸಿದರೆ ಹೆದರಬೇಡಿ, ಅಲ್ಲಿಗೆ ಅದು ಸಹಜ. ಅಂಕಿಗಿಂತ ಗೆರೆಯ ಮೇಲಿನ ಹತ್ತು ಹೆಜ್ಜೆ ಹೆಚ್ಚು ನಿಜ ಹೇಳುತ್ತದೆ.

ನಮ್ಮವರ ದೊಡ್ಡ ಅಪಾಯ ಶ್ವಾಸಕೋಶದ್ದಲ್ಲ, ದಾಕ್ಷಿಣ್ಯದ್ದು. "ನನ್ನಿಂದಾಗಿ ಎಲ್ಲರಿಗೂ ತೊಂದರೆ ಯಾಕೆ" ಎಂದು ತಲೆನೋವನ್ನು ನುಂಗಿಕೊಳ್ಳುತ್ತಾರೆ, ಭಾವ–ಮೈದುನ, ಮಾವ–ಅಳಿಯ ಒಟ್ಟಿಗೆ ಹೋದ ತಂಡದಲ್ಲಂತೂ ಇನ್ನೂ ಹೆಚ್ಚು. ಅದಕ್ಕೆ ಸಂಜೆ ಚಹಾದ ಹೊತ್ತಿಗೆ ಗೈಡು ಒಬ್ಬೊಬ್ಬರನ್ನೇ ಬೇರೆಯಾಗಿ ಕರೆದು ಕೇಳುವ ಕ್ರಮ ಮಾಡಿ: ತಲೆ, ಹೊಟ್ಟೆ, ನಿದ್ದೆ, ಮೂತ್ರ. ಹಿರಿಯರನ್ನು ಮೊದಲು ಕೇಳಿದರೆ ಕಿರಿಯರೂ ಬಾಯಿಬಿಡುತ್ತಾರೆ.

ಊಟ, ನೀರು, ಊರಿನ ಮರ್ಯಾದೆ

ದಾಲ್ ಭಾತ್ ಎರಡು ಹೊತ್ತೂ. ಅನ್ನ, ಬೇಳೆ, ಪಲ್ಯ ಮತ್ತೆ ಮತ್ತೆ ಬಡಿಸುತ್ತಾರೆ, ಸಾಕಾದಾಗ "ಪುಗ್ಯೋ" ಎನ್ನಬೇಕು. ಸಸ್ಯಾಹಾರಿಗಳಿಗೆ ಚಿಂತೆ ಇಲ್ಲ. ಮಾಂಸ ತಿನ್ನುವವರು ಚಾಮೆ ಮೇಲೆ ಬಿಡುವುದು ಲೇಸು, ಅದು ಕೆಳಗಿನಿಂದ ಹೊತ್ತು ತಂದದ್ದು. ಫಾಪರ್ ಎಂಬ ಹುರುಳಿಗೋಧಿಯ ರೊಟ್ಟಿ, ಬೇಯಿಸಿದ ಆಲೂಗೆಡ್ಡೆ, ಬೆಳ್ಳುಳ್ಳಿ ಸಾರು ಮೇಲಿನ ಊರುಗಳ ನಿಜವಾದ ಊಟ. ಆರ್ಡರನ್ನು ಇಡೀ ತಂಡ ಒಂದೇ ಬಗೆ, ಸಂಜೆ 5ರೊಳಗೆ ಹೇಳಿದರೆ ಸೌದೆಯೂ ಉಳಿಯುತ್ತದೆ, ಊಟವೂ ಬಿಸಿ ಬರುತ್ತದೆ.

ನೀರು ದಿನಕ್ಕೆ 3 ಲೀಟರ್. ದಾರಿಯ ಹಲವು ಊರುಗಳಲ್ಲಿ ಶುದ್ಧೀಕರಿಸಿದ ನೀರಿನ ಕೇಂದ್ರಗಳಿವೆ, ಬಾಟಲಿ ತುಂಬಿಸಿಕೊಳ್ಳಬಹುದು. ಇಲ್ಲದ ಕಡೆ ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಬಿಡಿ, ನೀರು ತೀರ ತಣ್ಣಗಿದ್ದರೆ ಒಂದು ಗಂಟೆ. ನಮ್ಮ ಸುರಂಗದ ನೀರಿನ ಹಾಗೆ ತಿಳಿಯಾಗಿ ಕಂಡರೂ ಮೇಲೆ ಯಾಕ್ ಮೇಯುತ್ತಿರುತ್ತದೆ.

ಮಂತ್ರ ಕೆತ್ತಿದ ಕಲ್ಲಿನ ಗೋಡೆಗಳನ್ನು ಪ್ರದಕ್ಷಿಣೆಯ ಕ್ರಮದಲ್ಲೇ, ಗೋಡೆ ಬಲಕ್ಕೆ ಬರುವಂತೆ ದಾಟಿ. ಇದನ್ನು ನಮಗೆ ಯಾರೂ ಕಲಿಸಬೇಕಿಲ್ಲ. ಹೇಸರಗತ್ತೆ, ಯಾಕ್ ಎದುರಾದರೆ ಗುಡ್ಡದ ಬದಿಗೆ ಒತ್ತಿ ನಿಲ್ಲಿ. ಪ್ರಪಾತದ ಬದಿಗೆ ಸರಿದರೆ ಹೊರೆ ತಾಗಿದ ಒಂದು ತಳ್ಳಿಗೇ ಕೆಳಗೆ. ತೂಗುಸೇತುವೆಯ ಮೇಲೆ ಅವು ಬರುತ್ತಿದ್ದರೆ ನೀವು ಕಾಯಿರಿ. ಒಲೆಗೆ ಕಸ ಹಾಕುವುದು ಈ ಕಡೆ ಮೈಲಿಗೆ. ಕಾಗದ, ಪ್ಲಾಸ್ಟಿಕ್ ಚೀಲಕ್ಕೇ ಹಾಕಿಕೊಂಡು ಕೆಳಗೆ ತನ್ನಿ.

ಮುಕ್ತಿನಾಥ ಮುಟ್ಟಿದ ಮೇಲೆ

ವಿಷ್ಣುವಿನ 108 ದಿವ್ಯದೇಶಗಳಲ್ಲಿ (ಪುಣ್ಯಕ್ಷೇತ್ರಗಳಲ್ಲಿ) ಒಂದಾದ ಈ ಗುಡಿಯ ಹಿಂದೆ ಸಾಲಾಗಿ 108 ನೀರಿನ ಧಾರೆಗಳಿವೆ. ಘಾಟಿ ದಾಟಿ ಬಂದ ಸಂಜೆಯೇ, ಬೆವರಿ ದಣಿದ ಮೈಯಲ್ಲಿ, ಅವುಗಳ ಕೆಳಗೆ ಓಡಬೇಡಿ. ಹಿಮ ಕರಗಿದ ನೀರು ಅದು. ಮರುದಿನ ಬಿಸಿಲು ಬಿದ್ದ ಮೇಲೆ, ಒಣ ಬಟ್ಟೆ ಕೈಗೆ ಸಿಗುವಂತೆ ಇಟ್ಟುಕೊಂಡು ಮೀಯಿರಿ.

ಮನೆಯ ಹಿರಿಯರನ್ನು ಇಲ್ಲಿ ಬಂದು ಸೇರಿಕೊಳ್ಳಲು ಹೇಳುವವರಿದ್ದಾರೆ, ಒಳ್ಳೆಯ ಯೋಚನೆ. ಆದರೆ ಅವರು ಪೊಖರಾದ 820 ಮೀಟರಿನಿಂದ ಜೀಪು ಹತ್ತಿ ಅದೇ ದಿನ 3,700 ದಾಟಿ ಮಲಗುವುದು ನೀವು ಘಾಟಿ ಹತ್ತಿದ್ದಕ್ಕಿಂತ ಹೆಚ್ಚು ಅಪಾಯ. ಅವರು ಮಾರ್ಫಾ ಅಥವಾ ಜೊಮ್‌ಸೊಮ್‌ನಲ್ಲಿ, 2,700ರ ಆಸುಪಾಸಿನಲ್ಲಿ, ಎರಡು ರಾತ್ರಿ ಮಲಗಲಿ. ಮುಕ್ತಿನಾಥಕ್ಕೆ ಬೆಳಿಗ್ಗೆ ಬಂದು, ದರ್ಶನ ಮುಗಿಸಿ, ಅಂದೇ ಇಳಿಯಲಿ.

ಹನ್ನೊಂದನೇ ದಿನ ಕಾಗ್‌ಬೇನಿಗೆ, 2,800ಕ್ಕೆ ಇಳಿದು ಅಲ್ಲಿಂದ ಜೊಮ್‌ಸೊಮ್. ಕಾಳಿ ಗಂಡಕಿಯ ಪಾತ್ರದಲ್ಲಿ 11 ಗಂಟೆಯ ಮೇಲೆ ಗಾಳಿ ಎದುರಿನಿಂದ ಮರಳು ಎರಚುತ್ತದೆ, ಆದ್ದರಿಂದ ಬೆಳಿಗ್ಗೆಯೇ ನಡೆಯಿರಿ. ಜೊಮ್‌ಸೊಮ್‌ನಿಂದ ಪೊಖರಾಕ್ಕೆ ವಿಮಾನ ಹಾರುವುದೂ ಇದೇ ಗಾಳಿಯ ಕಾರಣಕ್ಕೆ ಬೆಳಿಗ್ಗೆ ಮಾತ್ರ. ಮೋಡ ಕವಿದರೆ ಅದೂ ರದ್ದು. ಹನ್ನೆರಡನೇ ದಿನಕ್ಕೆ ಬಸ್ಸಿನ ಸೀಟನ್ನು ಹಿಂದಿನ ಸಂಜೆಯೇ ಗೈಡಿನ ಕೈಯಲ್ಲಿ ಹಿಡಿಸಿಟ್ಟುಕೊಳ್ಳಿ, ಪೊಖರಾಕ್ಕೆ ಇಡೀ ದಿನದ ದಾರಿ. ಪೋರ್ಟರ್ ಸಾಮಾನ್ಯವಾಗಿ ಜೊಮ್‌ಸೊಮ್‌ನಲ್ಲೇ ಬಿಟ್ಟು ಹೋಗುತ್ತಾನೆ. ಅವನ ಇನಾಮನ್ನು ಗೈಡಿನ ಕೈಗೆ ಕೊಡದೆ, ಅವನ ಕೈಗೇ ಕೊಡಿ.